ಓಡಿದರೆ ಬೀಳುತ್ತಿದ್ದ ಕರಿಯ

ಅಮರಾಪುರದ ಹತ್ತಿರದ ಒಂದು ಹಳ್ಳಿಯ ಪಶು ಚಿಕಿತ್ಸಾಲಯಕ್ಕೆ ನನಗೆ ವರ್ಗವಾದಾಗ ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿದ್ದವು. ನಾನು ಕಣೇಕಲ್ಲಿನವನು. ಭತ್ತದ ಗದ್ದೆಗಳ ನಡುವೆ ಎಮ್ಮೆ, ಎತ್ತುಗಳಿಗೆ ಔಷಧ ಕೊಟ್ಟೇ ತಲೆ ಬೆಳ್ಳಗಾಗಿತ್ತು. ಇಲ್ಲಿ ಎಲ್ಲಿ ನೋಡಿದರೂ ಕುರಿ, ಕುರಿಯ ಹಿಂದೆ ನಾಯಿ. ನನ್ನ ಉತ್ತರದ ಕಡೆಯ ಮಾತಿನ ‘ರೀ’ ಕೇಳಿ ಊರಿನವರು ಮೊದಮೊದಲು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡು, ಮೂವತ್ತು ವರ್ಷದ ಅನುಭವ ಬೆನ್ನಿಗಿದೆ ಎಂಬ ಹಮ್ಮು ನನಗೂ ಇತ್ತು. ಅದನ್ನು ಇಳಿಸಿದ್ದು ಒಂದು ನಾಯಿ.

ಒಂದು ಬೆಳಿಗ್ಗೆ ತಿಮ್ಮರಾಜು ಎಂಬವರು ತಮ್ಮ ನಾಯಿ ಕರಿಯನನ್ನು ಆಟೊದಲ್ಲಿ ಕರೆತಂದರು. ಎಂಟು ವರ್ಷದ, ಮಂದೆ ಕಾಯುವ ನಾಯಿ; ಈಚೆಗೆ ಆಗಾಗ ಬೀಳುತ್ತದೆ ಎಂದರು. ಜೊತೆಗೆ ಹೆಂಡತಿ ಲಕ್ಷ್ಮಕ್ಕ ಬಂದಿದ್ದರು. ತಿಮ್ಮರಾಜು ಮಡಕಶಿರಾದ ಒಂದು ಶಾಲೆಯಲ್ಲಿ ಅಟೆಂಡರ್. ಮನೆಯ ಅರವತ್ತು ಕುರಿಗಳನ್ನು ಮೇಯಿಸುವವರು ಲಕ್ಷ್ಮಕ್ಕ. ಇದು ನನಗೆ ತಿಳಿದದ್ದು ಆಮೇಲೆ. ಆಸ್ಪತ್ರೆ, ಕಚೇರಿಗಳಲ್ಲಿ ಗಂಡಸರೇ ಮಾತಾಡುವುದು ರೂಢಿ. ಆಕೆ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದರು. ನಾನು ಕೇಳಿದ್ದೆಲ್ಲ ಗಂಡನನ್ನೇ.

“ಬಿದ್ದಾಗ ಏನಾಗ್ತದ್ರಿ?”

“ಮೂರ್ಛೆ ಸಾರ್. ಧೊಪ್ಪಂತ ಬೀಳ್ತೈತೆ, ಕಾಲು ಒದರ್ತೈತೆ. ಇವಳು ಕಬ್ಬಿಣ ಮುಟ್ಟಿಸಿದ್ರೆ ಎದ್ದೇಳ್ತೈತೆ.”

ಮನುಷ್ಯರಿಗೆ ಮೂರ್ಛೆ ಬಂದರೆ ಕೈಗೆ ಬೀಗದ ಕೈಯನ್ನೋ ಕುಡುಗೋಲನ್ನೋ ಹಿಡಿಸುವುದು ಇಲ್ಲಿಯ ಪದ್ಧತಿ. ಲಕ್ಷ್ಮಕ್ಕ ತಮ್ಮ ಕುಡುಗೋಲನ್ನು ಕರಿಯನ ಪಾದಕ್ಕೆ ಒತ್ತುತ್ತಿದ್ದರಂತೆ. ನನಗೆ ಒಳಗೊಳಗೇ ನಗು ಬಂತು. ಎದೆಗೆ ಅವಸರದಲ್ಲಿ ಸ್ಟೆತಾಸ್ಕೋಪ್ ಇಟ್ಟ ಶಾಸ್ತ್ರ ಮಾಡಿ, ಮೂರ್ಛೆಯ ಮಾತ್ರೆ ಬರೆದುಕೊಟ್ಟೆ.

ಹತ್ತು ದಿನದ ಮೇಲೆ ತಿಮ್ಮರಾಜು ಫೋನ್ ಮಾಡಿ, ಬೀಳುವುದು ಕಡಿಮೆಯಾಗಿದೆ ಎಂದರು. ನನಗೆ ಖುಷಿಯಾಯಿತು. ಪೂರ್ತಿ ನಿಲ್ಲಲಿ ಎಂದು ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಏರಿಸಿದೆ.

ಮೂರನೆಯ ವಾರ ಲಕ್ಷ್ಮಕ್ಕ ಒಬ್ಬರೇ ಬಸ್ಸಿನಲ್ಲಿ ಬಂದರು. ಹಿಂದಿನ ದಿನ ಮಧ್ಯಾಹ್ನ ತೋಳ ಬಂದು ಎರಡು ಮರಿ ಹೊತ್ತೊಯ್ದಿತ್ತು. ಕರಿಯ ಬೇವಿನ ಮರದಡಿ ಮಲಗಿದ್ದವನು ತಲೆಯನ್ನೂ ಎತ್ತಿರಲಿಲ್ಲ.

“ನಿಮ್ ಮಾತ್ರೆ ಕಾಯ್ಲೆನ ಮಲಗಿಸ್ಲಿಲ್ಲ ಸಾರ್, ನಾಯಿನ ಮಲಗಿಸ್ತು” ಎಂದರು. “ಓಡಿದ್ರೇ ಅದು ಬೀಳೋದು. ಕುರಿ ತಿರುಗಿಸಾಕೆ ಜೋರಾಗಿ ಹೋದ್ರೆ ಬೀಳ್ತೈತೆ, ಎದ್ದ ತಕ್ಷಣ ಮತ್ತೆ ಕುರಿ ಹಿಂದಕ್ಕೇ ಹೋಗ್ತೈತೆ. ಮಲಗಿದ್ದಾಗ ಒಂದ್ಸಲಾನೂ ಬಂದಿಲ್ಲ.”

“ಇದನ್ನ ಅವತ್ತೇ ಯಾಕ ಹೇಳಲಿಲ್ರಿ?”

“ನೀವು ನನ್ನ ಕೇಳ್ಲಿಲ್ವಲ್ಲ ಸಾರ್.”

ಮೂರ್ಛೆ ರೋಗದ ನಾಯಿ ಹೆಚ್ಚಾಗಿ ಸುಮ್ಮನಿದ್ದಾಗಲೇ ಬೀಳುತ್ತದೆ; ಎದ್ದ ಮೇಲೂ ಎಷ್ಟೋ ಹೊತ್ತು ಮಂಕಾಗಿರುತ್ತದೆ. ಓಡುವಾಗ ಬಿದ್ದು, ಅರೆ ನಿಮಿಷದಲ್ಲಿ ಎದ್ದು ಕೆಲಸಕ್ಕೆ ಹೊರಡುವ ನಾಯಿಯ ತೊಂದರೆ ತಲೆಯದಲ್ಲ, ಎದೆಯದು. ಮಾತ್ರೆಯ ಮಂಪರಿನಲ್ಲಿ ಕರಿಯ ಓಡುವುದನ್ನು ಬಿಟ್ಟಿದ್ದ, ಹಾಗಾಗಿ ಬೀಳುವುದೂ ಕಡಿಮೆಯಾಗಿತ್ತು. ತಾನಾಗಿ ಏಳುತ್ತಿದ್ದ ನಾಯಿಯನ್ನು ಎಬ್ಬಿಸಿದ ಹೆಸರು ಕುಡುಗೋಲಿಗೆ ಬಂದಂತೆ, ಗುಣಪಡಿಸಿದ ಹೆಸರು ನನಗೆ ಬಂದಿತ್ತು. ಆಕೆಯನ್ನು ನೋಡಿ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

ಅಂದೇ ಸಂಜೆ ಅವರ ಕುರಿ ರೊಪ್ಪಕ್ಕೆ ಹೋದೆ. ಕರಿಯನನ್ನು ನಾಲ್ಕು ಹೆಜ್ಜೆ ಬೇಗ ನಡೆಸಿದ್ದಕ್ಕೇ ನಾಲಿಗೆ ನೀಲಿಗೆ ತಿರುಗಿತು. ಈ ಸಲ ಗಮನವಿಟ್ಟು ಕೇಳಿದಾಗ ಹೃದಯದ ‘ಲಬ್-ಡಬ್’ನಲ್ಲಿ ಎರಡನೆಯ ಸದ್ದು ಜೋರಾಗಿತ್ತು. ಪಲ್ಮನರಿ ಹೈಪರ್‌ಟೆನ್ಷನ್ ಇರಬಹುದು ಅನ್ನಿಸಿತು. ಹೃದಯದ ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಅಲ್ಲಿಯ ರಕ್ತನಾಳಗಳು ಬಿಗಿದುಕೊಂಡರೆ ಒತ್ತಡ ಏರುತ್ತದೆ. ಓಡಿದಾಗ ಬೇಕಾದಷ್ಟು ರಕ್ತ ಮಿದುಳಿಗೆ ತಲುಪದೆ ನಾಯಿ ಕುಸಿಯುತ್ತದೆ. ಬೆಕ್ಕುಗಳಿಗೂ ಇದು ಬರುತ್ತದೆ, ಅಪರೂಪ.

ಮೂರ್ಛೆಯ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿ, ಬೆಂಗಳೂರಿಗೆ ಹೃದಯದ ಎಕೋ ಸ್ಕ್ಯಾನಿಗೆ ಕಳಿಸಿದೆ. ಕರೆದೊಯ್ದವರು ಲಕ್ಷ್ಮಕ್ಕ. ಆ ದಿನ ರಜೆ ಹಾಕಿ ಕುರಿ ಮೇಯಿಸಿದ ತಿಮ್ಮರಾಜು, ಮಂದೆಯನ್ನು ಯಾರದೋ ರಾಗಿ ಹೊಲಕ್ಕೆ ನುಗ್ಗಿಸಿ ಬೈಸಿಕೊಂಡರು. ನನ್ನ ಅನುಮಾನ ನಿಜವಾಯಿತು: ಶ್ವಾಸಕೋಶದ ಹಳೆಯ ಕಾಯಿಲೆಯೊಂದು ಹೃದಯದ ಬಲಭಾಗವನ್ನು ಊದಿಸಿತ್ತು. ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಸಿಲ್ಡೆನಾಫಿಲ್ ಮಾತ್ರೆ ಬರೆದೆ. ಗಂಡಸರು ಬೇರೆಯದೇ ಕಾರಣಕ್ಕೆ ನುಂಗುವ ಮಾತ್ರೆ ಅದು. ಚೀಟಿಯ ಮೇಲೆ ‘ನಾಯಿಗೆ’ ಎಂದು ದೊಡ್ಡದಾಗಿ ಬರೆದರೂ ಮೆಡಿಕಲ್ ಶಾಪಿನವರು ನಕ್ಕರಂತೆ.

“ವಾಸಿ ಆಗೋದಿಲ್ರಿ, ಆದ್ರ ದಿನ ದೂಡಬಹುದು. ಓಡಿಸಬ್ಯಾಡ್ರಿ, ಕಟ್ಟಿ ಹಾಕ್ರಿ” ಎಂದು ಲಕ್ಷ್ಮಕ್ಕನಿಗೆ ಹೇಳಿದೆ.

“ಕುರಿ ಹೋಗೋದು ನೋಡ್ಕಂಡು ಅದು ಕಟ್ಟಿದ ಕಡೆ ಇರಲ್ಲ ಸಾರ್. ಎಗರಾಡಿ ಅಲ್ಲೇ ಸಾಯ್ತೈತೆ.”

ಇದೂ ನನಗೆ ಹೊಳೆದಿರಲಿಲ್ಲ. ದಾರಿ ಕಂಡುಕೊಂಡವರು ಆಕೆಯೇ. ಪಕ್ಕದ ಹಟ್ಟಿಯವರ ಮಂದೆಯ ಜೊತೆ ತಮ್ಮ ಕುರಿಗಳನ್ನು ಸೇರಿಸಿದರು. ಕಾವಲಿಗೆ ಅವರ ನಾಯಿಗಳಿದ್ದವು. ಕರಿಯನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಅವನ ನಡಿಗೆಗೆ ತಕ್ಕಂತೆ ನಡೆದರು. ಕುರಿ ದಾರಿ ಬಿಟ್ಟರೆ ಹಗ್ಗವನ್ನು ಜಾಲಿ ಗಿಡಕ್ಕೆ ಕಟ್ಟಿ ತಾವೇ ಓಡಿದರು. ಮಂದೆ ಕಣ್ಣೆದುರಿಗೇ ಇದ್ದುದರಿಂದ ಕರಿಯ ತೆಪ್ಪಗೆ ಕೂರುತ್ತಿದ್ದ.

ಹದಿನಾಲ್ಕು ತಿಂಗಳು ಬದುಕಿದ. ಆಮೇಲೊಂದು ದಿನ ಲಕ್ಷ್ಮಕ್ಕ ಚಿಕಿತ್ಸಾಲಯಕ್ಕೆ ಬಂದರು.

“ಬಿದ್ದು ಸಾಯ್ಲಿಲ್ಲ ಸಾರ್. ನಾನು ಬುತ್ತಿ ಉಣ್ತಿದ್ದೆ, ಪಕ್ಕದಾಗೆ ಮಲಗಿದ್ದ, ಏಳ್ಲಿಲ್ಲ” ಎಂದರು. “ಮೊದ್ಲೇ ಗೊತ್ತಾಗಿದ್ರೆ ಇನ್ನೊಂದಷ್ಟು ದಿನ ಇರ್ತಿದ್ನಾ?” ಎಂದು ಕೇಳಿದರು.

ಇಲ್ಲ ಎಂದುಬಿಡಬಹುದಿತ್ತು. ಆಕೆಗೂ ಸಮಾಧಾನ, ನನಗೂ.

“ಗೊತ್ತಿಲ್ರೀ ಅಕ್ಕಾರೆ. ಆದ್ರ ಆ ಮೂರು ವಾರ ಅವನ ಕೈಯಾಗಿಂದ ಕಸಗೊಂಡವ ನಾನು.”

ಆಕೆ ತಲೆಯಾಡಿಸಿದರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ನಿವೃತ್ತಿಯಾಗುವ ತನಕ, ಯಾವ ಪ್ರಾಣಿಯನ್ನು ಯಾರೇ ತಂದರೂ, ಇದರ ಜೊತೆ ದಿನವೆಲ್ಲ ಇರುವವರು ಯಾರು ಎಂದು ಮೊದಲು ವಿಚಾರಿಸುತ್ತಿದ್ದೆ. ಅವರು ಮನೆಯಲ್ಲಿದ್ದರೆ ಫೋನ್ ಮಾಡಿಸಿ ಮಾತಾಡುತ್ತಿದ್ದೆ. ಅವರು ಹೇಳುವುದು ಮುಗಿಯುವವರೆಗೆ ಚೀಟಿ ಬರೆಯುತ್ತಿರಲಿಲ್ಲ.