ಡ್ರೈವಿಂಗ್ ಮೇಡಂ ಬಲಗೆನ್ನೆ

ಡ್ರೈವಿಂಗ್ ಶಾಲೆಯ ಮೇಡಂಗೆ ಮೂವತ್ತೊಂದು ವರ್ಷ. ಹದಿನಾರಕ್ಕೆ ಬಂದು ಇಪ್ಪತ್ತಕ್ಕೆ ಹೋಗಬೇಕಾಗಿದ್ದ ಮೊಡವೆಗಳು ಅವಳ ಬಲಗೆನ್ನೆಯಲ್ಲಿ ಖಾಯಂ ಬಿಡಾರ ಹೂಡಿದ್ದವು. ಎಡಗೆನ್ನೆ ನುಣ್ಣಗಿತ್ತು. ಆದರೇನು, ಕಲಿಸುವವರು ಕೂರುವುದು ಎಡಗಡೆಯ ಸೀಟಿನಲ್ಲಿ. ಕಲಿಯುವವರ ಕಣ್ಣಿಗೆ ಬೀಳುವುದು ಬಲಗೆನ್ನೆಯೇ.

ಹಾಗಾಗಿ ಕಾರು ಹೊರಟಿತೆಂದರೆ ಅವಳ ಮುಖ ಎಡಕಿಟಕಿಯ ಕಡೆಗೆ. "ಕ್ಲಚ್ ಬಿಡಿ, ನಿಧಾನ" ಎಂದು ಅಂಗಡಿ ಬೋರ್ಡುಗಳಿಗೆ ಪಾಠ ಹೇಳುವಳು. ಒಬ್ಬ ಗುಮಾಸ್ತ, ತನ್ನ ಡ್ರೈವಿಂಗ್ ನೋಡಲಾರದೆ ಮೇಡಂ ಮುಖ ತಿರುಗಿಸುತ್ತಾರೆಂದು ನೊಂದು ಸೈಕಲ್ಲಿಗೇ ಮರಳಿದ.

ಮೊಡವೆಗಿಂತ ಅವಳಿಗೆ ಸಾಕಾಗಿದ್ದದ್ದು ಸಲಹೆ. "ನೀರು ಕುಡಿಯಲ್ಲ ನೀನು, ಅದಕ್ಕೇ" ಎಂದಳು ಅಕ್ಕ. ಕುಡಿದೂ ಕುಡಿದೂ ಪಾಠದ ನಡುವೆ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡುವಂತಾಯಿತೇ ಹೊರತು ಕೆನ್ನೆ ಜಗ್ಗಲಿಲ್ಲ. ಚಿಕ್ಕಪ್ಪನ ಮಾತು ಕೇಳಿ ಟೂತ್‌ಪೇಸ್ಟ್ ಬಳಿದುಕೊಂಡು ಮಲಗಿ, ಬೆಳಗ್ಗೆ ದಿಂಬಿನ ಕವರಿನ ಸಮೇತ ಎದ್ದಳು. ಮನೆಯ ಫೋಟೋಗಳಲ್ಲೆಲ್ಲ ಅವಳು ನಾಣ್ಯದ ಮೇಲಿನ ರಾಣಿಯ ಹಾಗೆ ಪಕ್ಕಕ್ಕೆ ತಿರುಗಿಯೇ ಇರುತ್ತಿದ್ದಳು.

ಹೀಗಿರುವಾಗ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತಿಯಾದ ಒಬ್ಬಾಕೆ ಕಾರು ಕಲಿಯಲು ಬಂದರು. ಮೂರನೆಯ ದಿನ, ಖಾಲಿ ರಸ್ತೆಯಲ್ಲಿ ಹೋಗುತ್ತಿರುವಾಗ ಕೇಳಿಯೇಬಿಟ್ಟರು.

"ಮೇಡಂ, ಸ್ವಲ್ಪ ಈ ಕಡೆ ತಿರುಗಿ."

"ನೀವು ರಸ್ತೆ ನೋಡಿ ಅಮ್ಮಾ."

"ರಸ್ತೆ ಎಲ್ಲೂ ಹೋಗಲ್ಲ. ಕೆನ್ನೆಗೆ ಏನು ಹಚ್ತಿದ್ದೀರಿ?"

ಹೀಗೆಂದು ಟೈಪಿಸ್ಟಮ್ಮ ಕತ್ತು ಚಾಚಿದರು. ಸ್ಟೀರಿಂಗ್ ಬಲಕ್ಕೆ ಜಾರಿತು. ಕಿಟಕಿಗೆ ಅಂಟಿಕೊಂಡಿದ್ದ ಮೇಡಂ ತನ್ನ ಕಡೆಯ ಬ್ರೇಕ್ ಒತ್ತುವಷ್ಟರಲ್ಲಿ ರಸ್ತೆ ನಡುವಿನ ಹೂಕುಂಡ ಎರಡು ಹೋಳು.

"ಟೂತ್‌ಪೇಸ್ಟು!" ಮೇಡಂ ಕಿರುಚಿದಳು. "ಜೇನುತುಪ್ಪ! ಐಸು! ಎಲ್ಲಾ ಹಚ್ಚಿದೀನಿ, ಸಾಕಾ?"

ಕಿರುಚಿದ ಮೇಲೆ ಅಳು ಬಂತು. ತಾನು ರಸ್ತೆ ನೋಡುತ್ತಿರಲಿಲ್ಲವೆಂಬುದು ಆಗಲೇ ತಲೆಗೆ ಹೊಳೆದದ್ದು. ಕುಂಡದ ಜಾಗದಲ್ಲಿ ಮನುಷ್ಯರಿದ್ದಿದ್ದರೆ?

ಟೈಪಿಸ್ಟಮ್ಮ ಕರವಸ್ತ್ರ ಕೊಟ್ಟರು. "ನನಗೂ ಐವತ್ತರ ತನಕ ಇತ್ತು ಕಣಮ್ಮ. ಅದು ಹೋದ ಮೇಲೆ ನಮ್ಮ ನಾದಿನಿಗೆ ನನ್ನ ಹತ್ರ ಮಾತಾಡೋಕೆ ವಿಷಯಾನೇ ಇಲ್ಲದ ಹಾಗಾಯ್ತು. ಡಾಕ್ಟರಿಗೆ ತೋರಿಸಿದ್ಯಾ?"

ತೋರಿಸಿರಲಿಲ್ಲ. ತೋರಿಸಿದರೆ ಡಾಕ್ಟರು ನೋಡುತ್ತಾರಲ್ಲ ಎಂಬ ನಾಚಿಕೆ!

ಆ ವಾರವೇ ಹೋದಳು. ಡಾಕ್ಟರು ಅರ್ಧ ನಿಮಿಷ ನೋಡಿ, ಮುಲಾಮು ಬರೆದು, ನಾಲ್ಕು ತಿಂಗಳಾದರೂ ಬೇಕು ಎಂದರು. ಅವಳು ಅಷ್ಟು ಕಾಯಲಿಲ್ಲ. ಮರುದಿನದಿಂದಲೇ ರಸ್ತೆಗೂ ಕಲಿಯುವವರಿಗೂ ಮುಖಕೊಟ್ಟು ಕೂರತೊಡಗಿದಳು. ಮೊದಮೊದಲು ಕೆನ್ನೆ ಕಾದ ಹೆಂಚಿನಂತೆ ಬಿಸಿಯಾಗುತ್ತಿತ್ತು. ನಾಲ್ಕು ತಿಂಗಳಿಗೆ ಮೊಡವೆಗಳು ಅರ್ಧಕ್ಕರ್ಧ ಇಳಿದವು, ಕಲೆಗಳು ಉಳಿದವು.

ಕಲಿಯುವವರು ಈಗ ಬೇರೆ ದೂರು ಶುರುಮಾಡಿದ್ದಾರೆ: "ಮೇಡಂ, ಹಾಗೆ ನೋಡ್ಬೇಡಿ, ಕೈ ನಡುಗತ್ತೆ."