ಕರಿಬೇವಿನ ಕುಂಡದ ಹಿಂದಿನ ಗೋಡೆ

ನಮ್ಮ ಮನೆಯ ಹೊರಗೋಡೆಯನ್ನು ಒಂದು ದಿನ ತೋರುಬೆರಳಿನಿಂದ ಒತ್ತಿ ನೋಡಿದೆ. ಬೆರಳು ಒಳಗೆ ಹೋಯಿತು. ಗೋಡೆಯನ್ನು ಒತ್ತಿದರೆ ನೋವಾಗಬೇಕಾದ್ದು ಬೆರಳಿಗೆ ಎಂಬುದು ಮೈಸೂರಿನಲ್ಲಿ ಬೆಳೆದ ನನ್ನ ತಿಳಿವಳಿಕೆ. ಇಲ್ಲಿ ನೋವಾದದ್ದು ಗೋಡೆಗೆ.

ಟೆಕ್ಸಸ್‌ನಲ್ಲಿ ಹೊರಗೋಡೆಯೆಂದರೆ ಮನೆಯ ಮೈಯಲ್ಲ, ಮನೆ ತೊಟ್ಟ ಅಂಗಿ. ಒಳಗೆ ಮರದ ಚೌಕಟ್ಟು, ಅದರ ಮೇಲೆ ತೆಳು ಹಲಗೆ, ಅದರ ಮೇಲೊಂದು ಹೊದಿಕೆ ಕಾಗದ, ಎಲ್ಲಕ್ಕೂ ಹೊರಗೆ ಒಂದರ ಅಂಚನ್ನು ಇನ್ನೊಂದು ಮುಚ್ಚುವಂತೆ ಹೊಡೆದ ಉದ್ದನೆಯ ಪಟ್ಟಿಗಳು. ಈ ಪಟ್ಟಿಗಳಿಗೆ ಸೈಡಿಂಗ್ ಎನ್ನುತ್ತಾರೆ. ಲಿಯಾಂಡರ್ ಎಂಬ ಊರಿನ ನಮ್ಮ ಮನೆಯದು ಮರದ ಹೊಟ್ಟನ್ನು ಒತ್ತಿ ಮಾಡಿದ ಹಳೆಯ ಸೈಡಿಂಗ್. ವರ್ಷಗಟ್ಟಲೆ ಮಳೆಯ ನೀರು ಕುಡಿದು, ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನಂತೆ ಊದಿಕೊಂಡಿತ್ತು. ಅಂಗಿ ಹರಿದರೆ ಹೊಲಿಸಬಹುದು. ಇದನ್ನು ಪೂರ್ತಿ ಬಿಚ್ಚಿ ಹೊಸದು ತೊಡಿಸಬೇಕು ಎಂದರು ನೋಡಿದವರೆಲ್ಲ.

ಬೆರಳು ಹೋದ ಜಾಗದ ಆಚೆಬದಿಯಲ್ಲಿ ನನ್ನ ಹೆಂಡತಿ ಗಿರಿಜಾಳ ಸಂಗೀತದ ಕೋಣೆಯಿತ್ತು. ಧಾರವಾಡದವಳು. ವಾರದ ದಿನಗಳಲ್ಲಿ ದ ಡೊಮೇನ್ ಎಂಬ ಅಂಗಡಿ-ಕಚೇರಿಗಳ ಬಡಾವಣೆಯ ಹತ್ತಿರ ಆಫೀಸು. ಶನಿವಾರ ಮಕ್ಕಳಿಗೆ ಹಿಂದೂಸ್ತಾನಿ ಗಾಯನದ ಪಾಠ. ಅವಳ ಪಾಲಿಗೆ ವಾರ ಎಂದರೆ ಆ ಶನಿವಾರವೇ, ಮಿಕ್ಕಿದ್ದೆಲ್ಲ ಅದಕ್ಕಾಗಿ ಕಾಯುವ ಹೊತ್ತು. ತೇವ ಒಳಗಿಳಿದು ತಂಬೂರಿಯ ಬುರುಡೆಯ ಮೇಲೆ ಬೂಷ್ಟು ಕಾಣಿಸಿದ ದಿನ ಅವಳು ಅದನ್ನು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಮಲಗುವ ಕೋಣೆಯಲ್ಲಿಟ್ಟಳು. ಪಾಠ ಊಟದ ಮೇಜಿಗೆ ಶಿಫ್ಟ್ ಆಯಿತು. ಫ್ರಿಜ್ಜು ಒಂದು ಶ್ರುತಿ ಹಿಡಿದರೆ ಮಕ್ಕಳು ಇನ್ನೊಂದು ಹಿಡಿಯುತ್ತಿದ್ದರು. "ಆಂಟಿ, ಐ ಆಮ್ ಹಂಗ್ರಿ" ಎಂದು ಆಲಾಪದ ನಡುವೆ ಒಬ್ಬಳು ಘೋಷಿಸಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಕೆಲವು ತಾಯಂದಿರು ಬೇರೆ ಗುರುಗಳನ್ನು ಹುಡುಕುತ್ತಿದ್ದಾರೆಂದು ಗೊತ್ತಾಯಿತು.

"ಬ್ಯಾಸಗಿ ರಜಾ ಮುಗಿಯೂದರೊಳಗ ಗ್ವಾಡಿ ಆಗಲಿಲ್ಲಂದ್ರ ಕ್ಲಾಸ್ ಬಿಟ್ಟುಬಿಡ್ತೀನ್ರಿ" ಎಂದಳು ಗಿರಿಜಾ. ದನಿ ಏರಿಸಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಕಂಟ್ರಾಕ್ಟರ್ ಬಂದು ಮೂರು ತುಂಡುಗಳನ್ನು ಮೇಜಿನ ಮೇಲಿಟ್ಟ: ವೈನಿಲ್ ಎಂಬ ಪ್ಲಾಸ್ಟಿಕ್, ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿದ ಹೊಸ ಬಗೆಯ ಹಲಗೆ, ಸಿಮೆಂಟ್ ಹಲಗೆ. ಆರಿಸಿ ಹೇಳಿದರೆ ಕೆಲಸ ಶುರು ಎಂದು ಹೋದ. ಇಲ್ಲಿ ಗೋಡೆಯ ಬಣ್ಣಕ್ಕೂ ಅನುಮತಿ ಕೊಡುವ ಬಡಾವಣೆಯ ಸಂಘದವರು ಒಪ್ಪಿಗೆಯಿರುವ ಬಣ್ಣಗಳ ಪಟ್ಟಿ ಕಳಿಸಿದರು. ಎಲ್ಲವೂ ಒಣಹುಲ್ಲಿನ ಬಣ್ಣವೇ, ಹೆಸರುಗಳು ಮಾತ್ರ ಬೇರೆ ಬೇರೆ.

ಆರಿಸುವುದು ಕಷ್ಟವೇನಲ್ಲ ಎಂದು ನೀವು ಹೇಳಬಹುದು. ಆದರೆ ನಾನು ಬಹುಕಾಲ ಸುದ್ದಿಮನೆಯಲ್ಲಿ ಕೂತವನು. ಈಗಲೂ ಮನೆಯಿಂದಲೇ ವರದಿಗಳನ್ನು ತಿದ್ದುತ್ತೇನೆ. ಒಬ್ಬನ ಮಾತನ್ನು ಅಚ್ಚು ಮಾಡುವಂತಿಲ್ಲ, ಜಾಗಕ್ಕೆ ಹೋಗಿ ನೋಡಬೇಕು, ಸಂಬಂಧಪಟ್ಟವರನ್ನೇ ಕೇಳಬೇಕು. ಹೀಗೆ ತಿದ್ದಿದ ಮನಸ್ಸು ತರಕಾರಿ ಅಂಗಡಿಯಲ್ಲೂ ಬದನೆಕಾಯಿಯ ಬಗ್ಗೆ ಎರಡನೆಯ ಮೂಲ ಕೇಳುತ್ತದೆ. ಇದಕ್ಕೆ ಇಲ್ಲಿನ ಕನ್ನಡಿಗರ ಒಂದು ಪದ್ಧತಿಯೂ ಸೇರಿಕೊಂಡಿತು. ಕಾರಾಗಲಿ, ಹಲ್ಲಿನ ಡಾಕ್ಟರಾಗಲಿ, ಹುಲ್ಲು ಕತ್ತರಿಸುವ ಯಂತ್ರವಾಗಲಿ, ಈಗಾಗಲೇ ತಗೊಂಡ ಇನ್ನೊಬ್ಬ ಕನ್ನಡಿಗನ ಮನೆಗೆ ಹೋಗಿ, ಉಂಡು, ಕಣ್ಣಾರೆ ಕಂಡು ಬಂದರೇ ಸಮಾಧಾನ. ಹೀಗಾಗಿ ಗೋಡೆ ನೋಡಲು ನಾವು ಊರೂರು ತಿರುಗಿದೆವು.

ಮೊದಲು ಡಾಲಸ್ ಪಕ್ಕದ ಕ್ಯಾರಲ್ಟನ್. ಬೆಂಗಳೂರಿನ ಸುರೇಶ್ ಹಳೆಯ ಸ್ನೇಹಿತರು, ಮನೆಗೆ ವೈನಿಲ್ ಹಾಕಿಸಿದ್ದವರು. ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಗ್ಗಾಗಿ ತಲುಪುವಷ್ಟರಲ್ಲಿ ನನಗೆ ಜಗತ್ತಿನ ಯಾವ ಗೋಡೆಯೂ ಬೇಡವಾಗಿತ್ತು. ಸುರೇಶ್ ಬಿಡಬೇಕಲ್ಲ, ನೇರ ಹಿತ್ತಲಿಗೆ ಕರೆದೊಯ್ದರು. "ತಟ್ಟಿ ನೋಡಿ ಸರ್. ಬಣ್ಣ ಬಳಿಯೋ ತಲೆನೋವಿಲ್ಲ. ಪೈಪ್ ಹಿಡಿದು ನೀರು ಬಿಟ್ಟರೆ ಮುಗೀತು, ಎಮ್ಮೆ ಮೈತೊಳೆದ ಹಾಗೆ!" ತಟ್ಟಿದೆ. ಡಬ್ಬದ ಸದ್ದು ಬಂತು. ಮೂಲೆಯಲ್ಲಿ ಅವರ ಎದೆಯೆತ್ತರಕ್ಕೆ ಬೆಳೆದ ಕರಿಬೇವಿನ ಕುಂಡವಿತ್ತು. ಅಷ್ಟು ಸೊಂಪಾದ ಕರಿಬೇವನ್ನು ಟೆಕ್ಸಸ್‌ನಲ್ಲಿ ನೋಡಿರಲಿಲ್ಲವೆಂದು ಹೊಗಳಿದೆ. ಸುರೇಶ್ ಯಾಕೋ ಬೇಗ ಮಾತು ಬದಲಿಸಿದರು.

ಆಮೇಲೆ ಹ್ಯೂಸ್ಟನ್. ಉಡುಪಿ ಕಡೆಯ ಡಾಕ್ಟರ್ ಒಬ್ಬರು, ಗಿರಿಜಾಳ ಗೆಳತಿ ವಿಜಯಾ ಅವರ ಯಜಮಾನರು. ಒತ್ತಿದ ಮರದ ಹಲಗೆ ಅವರದು. ಹ್ಯೂಸ್ಟನ್ನಿನ ಸೆಕೆಯಲ್ಲಿ ಕನ್ನಡಕ ಮಂಜಾಗಿ ನನಗೆ ಗೋಡೆ ಸರಿಯಾಗಿ ಕಾಣಲೂ ಇಲ್ಲ. "ಏನೂ ಪ್ರಾಬ್ಲಮ್ ಇಲ್ಲ ಮಾರಾಯ್ರೇ, ಮರ ಅಂದ್ರೆ ಮರವೇ" ಎಂದು ಡಾಕ್ಟರ್ ಗೋಡೆಯ ಬೆನ್ನು ತಟ್ಟಿದರು, ವಾರ್ಡಿನಲ್ಲಿ ರೋಗಿಯ ಬೆನ್ನು ತಟ್ಟುವಂತೆ. ಗೋಡೆಯ ಹೊರಬದಿಯಲ್ಲಿ ಏಸಿ ಯಂತ್ರವಿದ್ದ ಕಡೆಗೆ ನಾನು ಹೊರಟಾಗ, "ಅಲ್ಲಿ ಸೊಳ್ಳೆ ಉಂಟು" ಎಂದು ಕೈಹಿಡಿದು ಈಚೆ ಕರೆತಂದರು.

ಹಿಂದಿರುಗುವ ದಾರಿಯಲ್ಲಿ ಗಿರಿಜಾ ಡ್ರೈವ್ ಮಾಡುತ್ತಿದ್ದಳು. ನಾನು ವರದಿ ಒಪ್ಪಿಸಿದೆ. ಎರಡೂ ಮನೆಯವರು ತೃಪ್ತರು. ಪ್ಲಾಸ್ಟಿಕ್ ಬಾಳಿಕೆ ಬರುತ್ತದೆ ಎನ್ನಲಾಗಿದೆ, ಮರವೂ ಬರುತ್ತದೆ ಎನ್ನಲಾಗಿದೆ. ಆದ್ದರಿಂದ ತೀರ್ಮಾನಕ್ಕೆ ಬರುವ ಮೊದಲು ಸಿಮೆಂಟಿನವರನ್ನೂ ಹುಡುಕಿಕೊಂಡು ಹೋಗಬೇಕು.

ಅವಳು ನಕ್ಕಳು, ದಣಿದವರು ನಗುವ ಹಾಗೆ.

"ಸುರೇಶ್ ಅವರ ಮನ್ಯಾಗ ಕರಿಬೇವಿನ ಕುಂಡ ನೋಡಿದ್ರ್ಯಾ?"

"ನೋಡಿದೆ. ಹೊಗಳಿದೆ ಕೂಡ."

"ಅದರ ಹಿಂದ ಗ್ವಾಡಿ ಕರಗ್ಯದರೀ. ಬಾಜೂ ಮನಿ ಕಿಟಕಿ ಗಾಜಿನ ಮ್ಯಾಲೆ ಬಿದ್ದ ಬಿಸಿಲು ಸೀದಾ ಇವರ ಗ್ವಾಡಿಗೆ ಹೊಡೀತದಂತ. ಪ್ಲಾಸ್ಟಿಕ್ ಹಪ್ಪಳ ಆಗ್ಯದ. ಅವರ ಮನಿಯಾಕಿ ಒಗ್ಗರಣಿ ಹಾಕ್ತಾ ಹಾಕ್ತಾ ಎಲ್ಲಾ ಹೇಳಿದ್ಳು. ಆ ಕುಂಡದಾಗಿನ ಎಲಿನ ಒಗ್ಗರಣಿಗೆ."

"ಮತ್ತೆ ಡಾಕ್ಟರ್?"

"ಏಸಿ ಹಿಂದ ಅಣಬಿ ಬೆಳದಾವ. ಡಾಕ್ಟರು ಮುಂಜಾನೆ ಎದ್ದು ಚಾಕು ಹಿಡಕೊಂಡು ಕೆರೀತಾರಂತ, ವಿಜಯಾನ ಹೇಳಿದ್ಳು. ಇಬ್ಬರು ಹೆಣ್ಮಕ್ಕಳೂ ಒಂದ ಮಾತು ಹೇಳಿದ್ರು: ಇನ್ನೊಮ್ಮೆ ಹಾಕಿಸಿದ್ರ ಸಿಮೆಂಟ್. ಬಣ್ಣ ಬಳೀಬೇಕಾಗ್ತದ, ಬಳಿಯೋಣು."

"ಡಾಲಸ್‌ನಿಂದ ಬಂದ ದಿನವೇ ಹೇಳಬಹುದಿತ್ತಲ್ಲ?"

"ಹೇಳಿದ್ದೆ. ಅಡಗಿಮನಿ ಮಾತು, ಕನ್ಫರ್ಮ್ ಆಗಿಲ್ಲ ಅಂದ್ರಿ."

ಅಂದಿದ್ದೆ. ನೆನಪಾಯಿತು. ಸುದ್ದಿಮನೆಯಲ್ಲಿ ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ: ವಕ್ತಾರರು ಬಾಗಿಲಲ್ಲಿ ನಿಂತು ಹೇಳುವುದು ಹೇಳಿಕೆ, ಸುದ್ದಿ ಬೇಕಾದರೆ ಕ್ಯಾಂಟೀನಿಗೆ ಹೋಗಿ. ಅಷ್ಟು ಮೈಲಿ ಸುತ್ತಿ ನಾನು ಎರಡು ಮನೆಯ ವಕ್ತಾರರ ಹೇಳಿಕೆ ಬರೆದುಕೊಂಡು ಬಂದಿದ್ದೆ. ಗಂಡಸರು ಗೋಡೆಯ ಮುಂದೆ ನಿಂತರೆ, ಹೆಂಗಸರು ಅಡುಗೆಮನೆಯಲ್ಲಿ ಗೋಡೆಯ ಹಿಂದಿನದನ್ನು ಮಾತಾಡುತ್ತಿದ್ದರು. ತಾನು ಆರಿಸಿದ್ದು ತಪ್ಪೆಂದು ಯಾವ ಗಂಡಸೂ ಅತಿಥಿಯ ಎದುರು ಒಪ್ಪುವುದಿಲ್ಲ. ಅದು ಸುಳ್ಳೂ ಅಲ್ಲ, ಒಂದು ಬಗೆಯ ಸೈಡಿಂಗ್. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಾಗ ಗಿರಿಜಾ ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಸಿಮೆಂಟ್ ಎಂದಳು. ನನ್ನ ಕಡೆ ತಿರುಗಿ, "ಬಣ್ಣ ನೀವ ಆರಸ್ರಿ" ಎಂದಳು. ಉದಾರ ಮನಸ್ಸು.

ರಜೆ ಮುಗಿಯುವ ಮೊದಲೇ ಗೋಡೆ ಮುಗಿಯಿತು. ತಂಬೂರಿ ಸೀರೆ ಬಿಚ್ಚಿಕೊಂಡು ಕೋಣೆಗೆ ಮರಳಿತು. ಹೋಗಲಿದ್ದ ಮಕ್ಕಳಲ್ಲಿ ಒಂದಿಬ್ಬರು ಹೋದರು, ಮಿಕ್ಕವರು ಉಳಿದರು. ಶನಿವಾರ ಬೆಳಿಗ್ಗೆ ಸಿಮೆಂಟಿನ ಆಚೆಯಿಂದ ಷಡ್ಜ ಕೇಳಿದರೆ, ಊರೂರು ತಿರುಗಿದ ಆ ದಣಿವಿಗೆ ಅರ್ಥವಿತ್ತು ಎನಿಸುತ್ತದೆ.

ಕಳೆದ ಭಾನುವಾರ ಪಕ್ಕದ ಊರು ಸೀಡರ್ ಪಾರ್ಕ್‌ನಿಂದ ಯುವ ದಂಪತಿ ಬಂದರು. ಅವರ ಮನೆಯ ಗೋಡೆಯೂ ಊದಿದೆಯಂತೆ. ಹುಡುಗಿ ಒಳಗೆ ಹೋದಳು. ಗಂಡನನ್ನು ನಾನು ಹಿತ್ತಲಿಗೆ ಕರೆದೊಯ್ದೆ. "ತಟ್ಟಿ ನೋಡಪ್ಪ" ಎಂದೆ. ಅವನು ತಟ್ಟಿದ. ಗಟ್ಟಿ ಸದ್ದು ಬಂತು. ಇನ್ನೂ ನಾಲ್ಕು ಒಳ್ಳೆಯ ಮಾತು ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ತೆರೆದ ಅಡುಗೆಮನೆಯ ಕಿಟಕಿಯಿಂದ ಗಿರಿಜಾಳ ದನಿ ತೇಲಿಬಂತು.

"ಗ್ವಾಡಿ ಗಟ್ಟಿ ಅದವ್ವಾ. ಬಣ್ಣ ಅಷ್ಟ ಮೋಸ, ಇವರ ಆರಿಸಿದ್ದು. ಮಧ್ಯಾಹ್ನದ ಬಿಸಿಲಿಗೆ ಹಳಸಿದ ಬ್ಯಾಳಿ ಹಂಗ ಕಾಣ್ತದ. ಮತ್ತ ಮೂಲ್ಯಾಗ ಒಂದು ಹಲಗಿ ಸೀಳ್ಯದ. ಅದರ ಮುಂದ ಇವರು ದಾಸವಾಳದ ಕುಂಡ ಇಟ್ಟಾರ."

ಹುಡುಗ ನನ್ನ ಮುಖ ನೋಡಿದ. ಆಮೇಲೆ ದಾಸವಾಳದ ಗಿಡ ನೋಡಿದ.

"ಗಿಡ ಚೆನ್ನಾಗಿದೆ ಅಂಕಲ್" ಎಂದ. ಒಳ್ಳೆಯ ಮನೆತನದವನು.

"ನೀನು ಒಳಗೆ ಹೋಗಿ ಕಾಫಿ ಕುಡಿಯಪ್ಪ, ಅಡುಗೆಮನೆಯಲ್ಲೇ ಕೂತ್ಕೋ" ಎಂದೆ. "ನಾನು ಈ ಗಿಡಕ್ಕೊಂದಿಷ್ಟು ನೀರು ಹಾಕಿ ಬರ್ತೀನಿ."