ವೈನಿಯ ಎದೆಯ ಹಳೆಯ ಚಿತ್ರ

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಹಾಲಿನವನು ಕಣ್ಣೆದುರೇ ಕರೆದು ಕೊಟ್ಟ ಹಾಲನ್ನೂ ಬೆರಳಿಗೆ ಹಚ್ಚಿ ನೋಡುತ್ತಿದ್ದೆ. ಕಂಡಕ್ಟರ್ ಗಂಟಲು ಹರಿಯುವ ಹಾಗೆ "ಕಮಲಾಪುರ, ಕಮಲಾಪುರ" ಎಂದು ಕೂಗುತ್ತಿದ್ದರೂ ಬೋರ್ಡು ಓದದೆ ಬಸ್ಸು ಹತ್ತಿದವಳಲ್ಲ. ಮನೆಯವರು ಇದನ್ನು ರೋಗ ಅನ್ನುತ್ತಿದ್ದರು. ಸೇಡಂ ರಸ್ತೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕ ಮೇಲೆ ಅದೇ ರೋಗಕ್ಕೆ ತಿಂಗಳ ಸಂಬಳ ಬರತೊಡಗಿತು.

ಅಲ್ಲಿ ನನ್ನನ್ನೂ ಮೀರಿಸಿದವರು ಸೆಂಟರಿನ ಒಡೆಯರು, ನಮ್ಮ ಡಾಕ್ಟರರು. ಕೆಲಸದವರು ರೋಗಿಗಳ ಚಿತ್ರ ಕದ್ದು ಎದುರಿನ ಸೆಂಟರಿಗೆ ಕೊಟ್ಟಾರು ಎಂಬ ಭಯಕ್ಕೆ ಎಲ್ಲ ಕಂಪ್ಯೂಟರುಗಳಿಂದ ಫ್ಲಾಪಿ, ಸಿಡಿ ಹಾಕುವ ಡ್ರೈವುಗಳನ್ನೇ ಕೀಳಿಸಿದ್ದರು. ಎಲ್ಲ ಚಿತ್ರಗಳೂ ಒಳಕೋಣೆಯ ಸರ್ವರಿನಲ್ಲಿ. ಆ ಕೋಣೆಯ ಕೀಲಿಕೈ ಎರಡೇ, ಒಂದು ಅವರ ಜೇಬಿನಲ್ಲಿ, ಇನ್ನೊಂದು ನನ್ನ ಸೊಂಟದಲ್ಲಿ.

ಅದು ಎರಡು ಸಾವಿರದ ಈಚಿನ ಮಾತು. ಹೊಸ ಸ್ಕ್ಯಾನ್ ಯಂತ್ರ ಬಂದ ಮೇಲೆ ಒಬ್ಬೊಬ್ಬರಿಗೂ ರಾಶಿಗಟ್ಟಲೆ ಚಿತ್ರ ಬರತೊಡಗಿ, ದಸರೆಯ ಹೊತ್ತಿಗೆ ಸರ್ವರ್ ಗಂಟಲವರೆಗೆ ತುಂಬಿತು. ತುಂಬಿದ್ದೇ ತಡ, ಮುಷ್ಕರ ಹೂಡಿತು. ಹೊಸದನ್ನು ಒಳಗೆ ತೆಗೆದುಕೊಳ್ಳದು, ಹಳೆಯದನ್ನು ಹೊರಗೆ ತೋರಿಸದು. ಜಾಗ ಹೆಚ್ಚಿಸದ ಹೊರತು ಏಳುವುದಿಲ್ಲ ಎಂದು ಹೈದರಾಬಾದಿನ ಕಂಪನಿಯವರು ಫೋನಿನಲ್ಲಿ ಹೇಳಿದರು.

ಬೇರೆಯವರ ಚಿತ್ರವಾಗಿದ್ದರೆ ನಾನು ಅಷ್ಟು ಒದ್ದಾಡುತ್ತಿರಲಿಲ್ಲವೇನೋ. ಅದರೊಳಗೆ ನಮ್ಮ ವೈನಿಯ ಎದೆಯಿತ್ತು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಕಮಲಾಪುರದಲ್ಲಿ ಅಂಗನವಾಡಿ ಶಿಕ್ಷಕಿ. ಎರಡು ವರ್ಷದ ಹಿಂದೆ ಕೆಮ್ಮು ಬಿಡಲಿಲ್ಲವೆಂದು ಸ್ಕ್ಯಾನ್ ಮಾಡಿಸಿದಾಗ ಪುಪ್ಪುಸದಲ್ಲಿ ಕಡಲೆಕಾಳಿನಷ್ಟು ಒಂದು ಕಲೆ ಕಂಡಿತ್ತು. "ಎರಡು ವರ್ಷ ಬಿಟ್ಟು ಮತ್ತ ನೋಡೋಣ. ಅಷ್ಟೇ ಇದ್ರ ಹಳೇ ಗಾಯದ ಗುರುತು, ಬಿಟ್ಟುಬಿಡೂದು. ಬೆಳೆದಿದ್ರ ಸೊಲ್ಲಾಪುರಕ್ಕ ಹೋಗಿ ಎದಿ ತೆರೀಬೇಕು," ಎಂದಿದ್ದರು ಡಾಕ್ಟರರು. ಈಗ ಆ ಎರಡು ವರ್ಷ ಮುಗಿದಿತ್ತು. ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡದೆ ಹೊಸದರಿಂದ ಏನೂ ತಿಳಿಯುವಂತಿರಲಿಲ್ಲ. ಹಳೆಯದು ಸಿಗದಿದ್ದರೆ ಅನುಮಾನಕ್ಕೆ ಕೊಯ್ಯುವುದೇ ಗತಿ. ವೈನಿಗೆ ಕತ್ತಿಯೆಂದರೆ ಜೀವವೇ ಹೋಗುತ್ತಿತ್ತು.

ಸ್ಕ್ಯಾನ್ ಆದಾಗ ಫಿಲ್ಮು ಕೊಟ್ಟಿದ್ದೆವಲ್ಲ, ಅದೆಲ್ಲಿ ಅಂತೀರಾ? ಆ ಫಿಲ್ಮಿನಲ್ಲಿ ಇಡೀ ಓಣಿ ಸೂರ್ಯಗ್ರಹಣ ನೋಡಿತ್ತು! ಬರಿಗಣ್ಣಿನಿಂದ ನೋಡಬಾರದು, ಎಕ್ಸ್‌ರೇ ಫಿಲ್ಮಿನಿಂದ ನೋಡಬೇಕು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಣ್ಣ ಮನೆಯಲ್ಲಿದ್ದ ಅಷ್ಟೂ ಫಿಲ್ಮನ್ನು ಕತ್ತರಿಯಿಂದ ತುಂಡು ಮಾಡಿ ಮನೆಮನೆಗೆ ಹಂಚಿದ್ದ. ಅಣ್ಣನೇ ಹಾಗೆ, ಊರಿಗೆ ಬೇಕಾದವನು. ನಮ್ಮ ಸೆಂಟರಿಗೆ ಬಂದರೂ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ಹೊತ್ತು ತಂದು ವಾಚ್‌ಮನ್‌ನಿಂದ ಡಾಕ್ಟರರವರೆಗೆ ಎಲ್ಲರಿಗೂ ಕೊಟ್ಟೇ ಕೂಡುತ್ತಿದ್ದ. ನಾನು ಬೈದರೆ, "ಫಿಲ್ಮ್ ಹೋದ್ರ ಏನಾತು ತಂಗಿ, ನಿನ್ನ ಕಂಪ್ಯೂಟರ್‌ನ್ಯಾಗ ಇದ್ದೇ ಅದ," ಎಂದು ನಕ್ಕಿದ್ದ.

ದಸರೆ ಮುಗಿದ ಮಾರನೆಯ ದಿನ ಎಂಜಿನಿಯರ್ ಬಂದ. ಸೇಡಂ ಕಡೆಯವನೇ, ಹೈದರಾಬಾದಿನಲ್ಲಿ ನೌಕರಿ. ಬಂದವನೇ ಕುರ್ಚಿ ಎಳೆದುಕೊಂಡು, "ಹಳೇವು ಅಳಿಸಿಬಿಡ್ರಿ ಮೇಡಂ, ಎರಡು ವರ್ಷದ ಹಿಂದಿನವು ಯಾರ್ ಕೇಳ್ತಾರ?" ಎಂದ.

"ನಾ ಕೇಳ್ತೀನಿ. ಒಂದು ಅಳಿಸಿದ್ರೂ ನಿಮ್ಮನ್ನ ಇದೇ ಕೋಣ್ಯಾಗ ಹಾಕಿ ಕೀಲಿ ಹಾಕ್ತೀನಿ," ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಆಮೇಲೆ ತನ್ನ ಉಪಾಯ ಹೇಳಿದ. ನಮ್ಮ ಸರ್ವರಿನಲ್ಲಿ ನಾಲ್ಕು ಡಿಸ್ಕುಗಳು ಜೊತೆಯಾಗಿ ಕೆಲಸ ಮಾಡುತ್ತಿದ್ದವು. ಒಂದು ಕೆಟ್ಟರೆ ಉಳಿದ ಮೂರು ಸೇರಿ ಅದರಲ್ಲಿ ಏನಿತ್ತೆಂದು ಹೇಳಬಲ್ಲವು. ಎರಡು ಹೋದರೆ ಮಾತ್ರ ಎಲ್ಲ ಮುಗಿದಂತೆ. ಈಗ ಹೊಸ ಎರಡು ಡಿಸ್ಕು ತೂರಿಸಿದರೆ ನಾಲ್ಕರಲ್ಲಿದ್ದುದನ್ನೆಲ್ಲ ಆರಕ್ಕೂ ಹಂಚಿ ಬರೆದುಕೊಳ್ಳುತ್ತದೆ, ಜಾಗವೂ ಹೆಚ್ಚುತ್ತದೆ, ಒಂದು ಚಿತ್ರವೂ ಹೋಗುವುದಿಲ್ಲ. "ಏನೂ ಆಗಂಗಿಲ್ರೀ, ಫಿಕರ್ ಬಿಡ್ರಿ," ಎಂದ. ಏನೂ ಆಗುವುದಿಲ್ಲ ಎಂದು ಕೇಳುವ ಮೊದಲೇ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಮೊದಲ ಎಲ್ಲಾದ್ದೂ ಕಾಪಿ ತಗೀರಿ. ಆಮ್ಯಾಗ ಕೈ ಹಚ್ಚರಿ," ಎಂದೆ. ಪುಣ್ಯಕ್ಕೆ ಅವನ ಹತ್ತಿರ ದೊಡ್ಡದೊಂದು ಡಿಸ್ಕು ಇತ್ತು, ಒಪ್ಪಿದ. ಒಪ್ಪದವರು ಡಾಕ್ಟರರು. ಬಾಗಿಲಲ್ಲಿ ನಿಂತು, "ಆ ಡಿಸ್ಕ್ ವಾಪಸ್ ಎಲ್ಲಿಗೆ ಹೋಗ್ತದ?" ಎಂದು ಕೇಳಿದರು. ಕೆಲಸ ಮುಗಿದ ಮೇಲೆ ಅಳಿಸಿ ಹೈದರಾಬಾದಿಗೆ ಒಯ್ಯುತ್ತೇನೆಂದು ಅವನು ಹೇಳಿದ. "ಅಳಿಸ್ತೀರಂತ ನಾ ಹೆಂಗ ನಂಬ್ಲಿ? ನನ್ನ ಪೇಷಂಟ್‌ಗಳ ಫೋಟೋ ಈ ಕೋಣಿ ಬಿಟ್ಟು ಹೊರಗ ಹೋಗಂಗಿಲ್ಲ." ಅವರ ಕಾಲು ಹಿಡಿಯುವುದೊಂದು ಬಾಕಿಯಿತ್ತು, ಅಷ್ಟು ಬೇಡಿಕೊಂಡೆ. ಕಾಪಿ ಇಲ್ಲದೆಯೇ ಆಗಬೇಕೆಂದರು. ಕಳ್ಳತನದ ಭಯಕ್ಕೆ ಮನೆಗೆ ಬೆಂಕಿ ಬೀಳಲಿ ಎನ್ನುವ ಮನುಷ್ಯನಿಗೆ ಏನು ಹೇಳುವುದು!

ಹೊಸ ಡಿಸ್ಕು ಒಳಗೆ ಹೋದವು. ಹಂಚಿಕೆ ಶುರುವಾಯಿತು. ನಾನು ಊಟಕ್ಕೂ ಏಳದೆ ಅವನ ಬೆನ್ನಿಗೇ ಸ್ಟೂಲು ಹಾಕಿಕೊಂಡು ಕೂತೆ. ಅವನು ಕೀಲಿಮಣೆ ಮುಟ್ಟಿದರೆ "ಏನ್ ಮಾಡಾಕತ್ತೀರಿ?" ಎಂದು ಕೇಳುತ್ತಿದ್ದೆ, ಮುಟ್ಟದಿದ್ದರೆ "ಯಾಕ್ ಸುಮ್ಮ ಕುಂತೀರಿ?" ಎಂದು ಕೇಳುತ್ತಿದ್ದೆ. "ನಿಮ್ಮ ಮನ್ಯಾಗಿನವರು ಭಾಳ ಪುಣ್ಯವಂತರು ಬಿಡ್ರಿ," ಎಂದ ಪಾಪ, ಬೇಸತ್ತು. ಕರೆಂಟು ಒಮ್ಮೆ ಹೋಯಿತು. ಯುಪಿಎಸ್ಸು ಕೀಂ ಕೀಂ ಎಂದಿತು, ನನ್ನ ಎದೆ ಧಸಕ್ಕೆಂದಿತು, ಜನರೇಟರ್ ಹತ್ತಿಕೊಂಡಿತು.

ಸಂಜೆಯಾಗುವ ಹೊತ್ತಿಗೆ ಹಂಚಿಕೆ ಮುಗಿಯಿತು. ಅವನು ಕೈ ಮೇಲೆತ್ತಿ ಮೈ ಮುರಿದ. ಅಷ್ಟರಲ್ಲಿ ಪರದೆಯ ಮೇಲೆ ಕೆಂಪಕ್ಷರ ಬಂತು, ಹಳೆಯ ಡಿಸ್ಕುಗಳಲ್ಲೊಂದು ಕೆಟ್ಟಿದೆ ಎಂದು. ಇಡೀ ದಿನದ ದುಡಿತಕ್ಕೆ ಸುಸ್ತಾಗಿ ಕೈಬಿಟ್ಟಿತ್ತು. "ಗಾಬರಿ ಆಗಬ್ಯಾಡ್ರಿ, ಒಂದೇ ಹೋಗ್ಯಾದ. ತೆಗೆದು ಬ್ಯಾರೆ ಹಾಕಿದ್ರ ಮುಗೀತು," ಎಂದ. ಕೈಗಿರಲಿ ಎಂದು ಇನ್ನೊಂದು ಹೊಸದನ್ನೂ ತಂದಿದ್ದ. ಆದರೆ ತೆಗೆಯಬೇಕಾದದ್ದು ಕೆಟ್ಟದ್ದನ್ನೇ. ತಪ್ಪಿ ಒಳ್ಳೆಯದೊಂದನ್ನು ಎಳೆದರೆ ಎರಡು ಹೋದಂತೆ. ಪರದೆ ಡಿಸ್ಕಿನ ನಂಬರು ಹೇಳಿತ್ತು, ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಡಿಸ್ಕಿನ ಮುಂದಿರುವ ಸಣ್ಣ ದೀಪ ನೋಡಿ ತಿಳಿಯಬೇಕು. ಹಸಿರಿದ್ದರೆ ಒಳ್ಳೆಯದು, ಹಳದಿಯಿದ್ದರೆ ಇಲ್ಲವೇ ಆರಿದ್ದರೆ ಕೆಟ್ಟದ್ದು.

ಅವನು ಬಗ್ಗಿ ನೋಡಿ, "ಇದೇ ನೋಡ್ರಿ, ದೀಪ ಆರ್ಯಾದ," ಎಂದು ಮೇಲಿನಿಂದ ಎರಡನೆಯದರ ಹಿಡಿಗೆ ಕೈ ಹಾಕಿದ.

"ಕೈ ತಗೀರಿ!" ಎಂದು ಕಿರುಚಿದೆ. ಯಾಕೆ ಕಿರುಚಿದೆನೋ ನನಗೇ ಗೊತ್ತಿರಲಿಲ್ಲ. ಬಗ್ಗಿ ನೋಡಿದಾಗ ಗೊತ್ತಾಯಿತು. ಮಹಾನವಮಿಗೆ ಖಂಡೇ ಪೂಜೆಯಲ್ಲವೇ, ನಮ್ಮ ಕಡೆ ಕೊಡಲಿ, ಕುಡುಗೋಲಿನಿಂದ ಹಿಡಿದು ಬಸ್ಸು, ಮಷೀನಿನವರೆಗೆ ಎಲ್ಲಕ್ಕೂ ಪೂಜೆ. ಯಾರನ್ನೂ ನಂಬದ ನಮ್ಮ ಡಾಕ್ಟರರು ದೇವರನ್ನು ನಂಬುತ್ತಿದ್ದರು. ಸರ್ವರಿನ ನಾಲ್ಕೂ ಡಿಸ್ಕಿಗೆ ತಾವೇ ಕೈಯಾರೆ ವಿಭೂತಿ ಎಳೆದು, ನೀರಲ್ಲಿ ಕಲಸಿದ ಕುಂಕುಮ ಹಚ್ಚಿದ್ದರು. ಹಣೆ ಯಾವುದು, ಕಣ್ಣು ಯಾವುದು ಎಂದು ನೋಡಿರಲಿಲ್ಲ.

ಸೆರಗಿನ ತುದಿಗೆ ಉಗುಳು ಹಚ್ಚಿ ಆ ಎರಡನೆಯದನ್ನು ಉಜ್ಜಿದೆ. ಗಟ್ಟಿಯಾಗಿ ಒಣಗಿದ್ದ ಕುಂಕುಮ ಪುಡಿಯಾಗಿ ಉದುರಿತು. ಒಳಗೆ ದೀಪ ಹಚ್ಚ ಹಸಿರಾಗಿ ಉರಿಯುತ್ತಿತ್ತು. ನಾಲ್ಕನ್ನೂ ಒರೆಸಿದೆ. ಕೆಟ್ಟದ್ದು ಅದರ ಕೆಳಗಿನದು. ಅದರ ಹಳದಿ ಮಿಣುಕು ಕುಂಕುಮದ ಸಂದಿಯಲ್ಲಿ ಹಳದಿಯೆಂದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಎಂಜಿನಿಯರನ ಮುಖದಲ್ಲಿ ರಕ್ತವಿರಲಿಲ್ಲ. "ಇನ್ನಮ್ಯಾಲೆ ಎಲ್ಲಿ ಹೋದ್ರೂ ಮೊದಲ ಒರಸೇ ನೋಡ್ತೀನ್ರಿ," ಎಂದ. ಸರಿಯಾದದ್ದನ್ನು ತೆಗೆದ, ಹೊಸದನ್ನು ಹಾಕಿದ. ನಾನು ವೈನಿಯ ಚಿತ್ರ ತೆರೆದು, ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೂ ನೋಡಿದ ಮೇಲೆಯೇ ಅವನಿಗೆ ಚಹಾ ತರಿಸಿದೆ.

ಮರುದಿನ ಬೆಳಿಗ್ಗೆ ಅಣ್ಣ ವೈನಿಯನ್ನು ಕರೆದುಕೊಂಡು ಬಂದ. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ವೈನಿಯ ಸ್ಕ್ಯಾನ್ ಮಾಡಿದರು. ಆಮೇಲೆ ಡಾಕ್ಟರರು ಹಳೆಯದನ್ನೂ ಹೊಸದನ್ನೂ ಪರದೆಯ ಮೇಲೆ ಅಕ್ಕಪಕ್ಕ ಹಾಕಿ, ಕಲೆಯನ್ನು ಅಳೆದು, ಮತ್ತೆ ಅಳೆದು, ಕನ್ನಡಕ ತೆಗೆದರು. "ಒಂದು ಕೂದಲಷ್ಟೂ ಬೆಳೆದಿಲ್ಲ. ಎದಿ ತೆರೆಯೂದು ಬ್ಯಾಡವ್ವಾ, ಆರಾಮ ಮನಿಗೆ ಹೋಗ್ರಿ."

ನನಗೆ ಕುಣಿಯುವಷ್ಟು ಖುಷಿ. ವೈನಿಯ ಮುಖ ಮಾತ್ರ ಅರಳಲಿಲ್ಲ. ಪರದೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. "ಹಳೇದು ಖರೇನೇ ನಂದೇನ್ರಿ? ನಿನ್ನೆ ಕಂಪ್ಯೂಟರ್ ಕೆಟ್ಟಿತ್ತಂತ. ಕೀಲಿ ಎಲ್ಲಾ ನಮ್ಮ ನಾದಿನಿ ಕೈಯಾಗ. ನಂಗ ಧೈರ್ಯ ಬರ್ಲೆಂತ ಬ್ಯಾರೆಯವರದು ಹಾಕ್ಯಾಳೇನೋ."

ನನಗೆ ಸಿಟ್ಟು ಬಂತು. ನಿನ್ನೆಯಿಡೀ ನಾನು ಉಪವಾಸ ಕೂತಿದ್ದು ಇದಕ್ಕೇನು! ಡಾಕ್ಟರರಿಗೆ ಸಿಟ್ಟು ಬರಲಿಲ್ಲ, ಅನುಮಾನದವರೆಂದರೆ ಅವರಿಗೆ ಒಳಗೊಳಗೇ ಪ್ರೀತಿ. ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿ ನೋಡ್ರಿ, ಎಡಗಡೆ ಪಕ್ಕೆಲುಬು. ಎರಡು ಕಡೆ ಮುರಿದು, ತಾನೇ ಸೊಟ್ಟ ಕೂಡ್ಯಾದ. ಹಳೇದರಾಗೂ ಅಲ್ಲೇ, ಇವತ್ತಿನದರಾಗೂ ಅಲ್ಲೇ. ಬ್ಯಾರೆಯವರದು ಹೆಂಗ ಆಗ್ತದ? ಯಾವಾಗ ಬಿದ್ದಿದ್ರಿ?"

ವೈನಿ ಬಹಳ ಹೊತ್ತು ನೋಡಿದರು. ಕೈ ತಾನಾಗಿ ಎಡಪಕ್ಕಕ್ಕೆ ಹೋಯಿತು. "ಹೌದ್ರಿ," ಎಂದರು. "ಇದು ನಂದೇ."

ಹೊರಗಿನ ಪಡಸಾಲೆಗೆ ಬರುತ್ತ ನಾನು ಒಂದೇ ಸಮನೆ ಮಾತಾಡುತ್ತಿದ್ದೆ. "ಎಲುಬು ಮುರಿಯುವಷ್ಟು ಯಾವಾಗ ಬಿದ್ದಿದ್ರಿ ವೈನಿ? ನಂಗ ಒಬ್ಬರೂ ಹೇಳಲಿಲ್ಲಲ್ಲ?"

"ನಾ ಬಿದ್ದಿಲ್ಲ ಯವ್ವಾ."

ನಾನು ನಿಂತುಬಿಟ್ಟೆ. ಬೆಂಚಿನಿಂದ ಎದ್ದು ಅಣ್ಣ ನಗುತ್ತ ಬಂದ. "ಏನಂದ್ರು ತಂಗಿ? ಎಲ್ಲಾ ಆರಾಮಲ್ಲ?" ಎಂದು ಕೇಳಿದ. ವೈನಿ ಅರ್ಧ ಹೆಜ್ಜೆ ನನ್ನ ಬೆನ್ನ ಹಿಂದೆ ಸರಿದರು. ಅವರ ಉಸಿರು ನನ್ನ ಹೆಗಲಿಗೆ ತಾಗುತ್ತಿತ್ತು. ಎಂಜಿನಿಯರನ ಕೈಯನ್ನು ಒಂದು ದಿನವಿಡೀ ಕಣ್ಣು ಮಿಟುಕಿಸದೆ ಕಾದವಳು, ಅಣ್ಣನ ಈ ಕೈಯನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದರೂ ಒಮ್ಮೆಯೂ ಅನುಮಾನಿಸಿರಲಿಲ್ಲ.

"ಎದಿ ಕೊಯ್ಯೂದು ಬ್ಯಾಡಂತ," ಎಂದೆ. "ವೈನಿ ನಮ್ಮನಿಗೆ ಬರ್ತಾರ. ನೀ ಬಸ್ ಹತ್ತು."

"ಎಷ್ಟು ದಿನಕ್ಕ?"

ಅವನ ಕೈಯಲ್ಲಿದ್ದ ವೈನಿಯ ಚೀಲ ಕಸಿದುಕೊಂಡು ರಸ್ತೆಗಿಳಿದು ಆಟೋ ಕರೆದೆ.